ಪಗುಮೆ ಮೂರು

ಮೊದಲು ಕೆಟ್ಟದ್ದು ಗಡಿಯಾರ.
ನಮ್ಮ ಇಥಿಯೋಪಿಯಾದಲ್ಲಿ ಬೆಳಕು ಹರಿದ ಮೇಲೆ ಎಣಿಕೆ ಶುರು:
ಸೂರ್ಯ ಬಂದು ಒಂದು ತಾಸಾದರೆ ಒಂದು ಗಂಟೆ,
ಇದಕ್ಕಿಂತ ನೇರ ಲೆಕ್ಕ ಇನ್ನೇನಿದೆ?
ಇಲ್ಲಿ, ಡೆವೆಂಟರಿನಲ್ಲಿ, ಡಿಸೆಂಬರಿನ ಸೂರ್ಯ
ನಾನು ಲ್ಯಾಬಿನಲ್ಲಿ ನಲವತ್ತು ಜನರ ರಕ್ತ ನೋಡಿ ಮುಗಿಸಿದ ಮೇಲೆ
ಏಳುತ್ತಾನೆ, ಅದೂ ಮನಸ್ಸಿಲ್ಲದೆ.
ಅವನನ್ನು ನಂಬಿ ಎಣಿಸಿದರೆ ಕೆಲಸ ಹೋದೀತು.

ಹಲ್ಲಿನ ಡಾಕ್ಟರು ಎರಡು ಗಂಟೆಗೆ ಬಾ ಅಂದರು.
ಬೆಳಿಗ್ಗೆ ಎಂಟಕ್ಕೇ ಹೋಗಿ
ಬೀಗ ಹಾಕಿದ ಬಾಗಿಲೆದುರು ನಿಂತೆ,
ದವಡೆ ಹಿಡಿದುಕೊಂಡು.

ಮೂವತ್ತನಾಲ್ಕರಲ್ಲಿ ಸೈಕಲ್ಲು ಕಲಿತೆ,
ಐಸೆಲ್ ನದಿಯ ಏರಿಯ ಮೇಲೆ, ಬಿದ್ದು.
ಹಾದು ಹೋದ ಮುದುಕ ಎಬ್ಬಿಸಲಿಲ್ಲ,
"ಬ್ರೇಕು ಕಾಲಿನಲ್ಲಿದೆ, ಹಿಂದಕ್ಕೆ ತುಳಿ" ಅಂದು ಹೋದ.
ನಿಜ. ಆಮೇಲೆ ಬೀಳಲಿಲ್ಲ.

ಒಂದು ಭಾನುವಾರ ಕಾಫಿ ಬೀಜ ಹುರಿಯುತ್ತಿದ್ದೆ.
ಹೊಗೆ ಏಳಬೇಕು, ಬಂದವರ ಮೂಗಿಗೆ ಹಿಡಿಯಬೇಕು.
ಬಂದವರು ಯಾರೂ ಇಲ್ಲ, ಕೈಯ ರೂಢಿ ಬಿಡಬೇಕಲ್ಲ!
ಛಾವಣಿಯ ಬಿಳಿ ಬಿಲ್ಲೆ ಕಿರುಚಿಕೊಂಡಿತು.
ಪಕ್ಕದ ಮನೆಯ ಆಲ್ಟ್ಯೆ ಪೊರಕೆ ಹಿಡಿದು ಬಂದಳು,
ಎಪ್ಪತ್ತೆರಡರ ಹೆಂಗಸು, ಹೆಸರು ಕೇಳುವ ಮೊದಲೇ
ಕುರ್ಚಿ ಹತ್ತಿ ಬಿಲ್ಲೆಗೆ ಎರಡು ಬಾರಿಸಿದಳು.
ಇಳಿದು, ಡೈರಿ ತೆಗೆದು, ಹಾಳೆ ಮಗುಚಿ,
"ಕಾಫಿಗೆ ಬಾ. ಇಪ್ಪತ್ತಮೂರು, ಗುರುವಾರ, ಅರ್ಧ ಹನ್ನೊಂದಕ್ಕೆ."
ಇನ್ನೂ ಮೂರು ವಾರ.
ಮೂರು ವಾರದಲ್ಲಿ ನಮ್ಮ ಕಡೆ
ಜಗಳ ಹುಟ್ಟಿ, ರಾಜಿಯಾಗಿ, ಮದುವೆಯೇ ಮುಗಿದಿರುತ್ತದೆ.

ಹನ್ನೊಂದಾಗಿ ಅರ್ಧ ಅಂದುಕೊಂಡು ಹೋದೆ.
ಇವರ ಅರ್ಧ ಹನ್ನೊಂದು ಅಂದರೆ
ಹನ್ನೊಂದಕ್ಕೆ ಅರ್ಧ ಬಾಕಿಯಂತೆ.
ಕಾಫಿ ಆರಿತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಮುಚ್ಚಿತ್ತು.
ಆಲ್ಟ್ಯೆ ಸಿಟ್ಟಾಗಲಿಲ್ಲ;
ಮುಚ್ಚಳವನ್ನೂ ತೆಗೆಯಲಿಲ್ಲ.

ನಮ್ಮಲ್ಲಿ ಕಾಫಿ ಮೂರು ಸುತ್ತು.
ಮೂರನೆಯದಕ್ಕೆ ಬರಕ ಎನ್ನುತ್ತೇವೆ, ಹರಕೆ ಇರುವುದೇ ಅದರಲ್ಲಿ.
ಇಲ್ಲಿ ಎರಡನೆಯ ಕಪ್ಪು ಕೆಳಗಿಟ್ಟರೆ
ಕೈ ತಾನಾಗಿ ಕೋಟಿಗೆ ಹೋಗಬೇಕು.

ಹೊರಡುವ ಮುನ್ನ ಶೌಚಕ್ಕೆ ಹೋದೆ.
ಕೂತರೆ ಕಣ್ಣಿಗೆ ನೇರ ಒಂದು ಕ್ಯಾಲೆಂಡರು,
ವಾರವಿಲ್ಲ, ಹಬ್ಬವಿಲ್ಲ,
ತಾರೀಖು, ಮುಂದೆ ಹೆಸರು, ಹುಟ್ಟಿದ ಇಸವಿ:
ತಮ್ಮ, ತಮ್ಮನ ಮಗಳು, ಕೂದಲು ಕತ್ತರಿಸುವವಳು,
ಗಂಡ ಹಾರ್ಮ್, ಪಕ್ಕದಲ್ಲಿ ಸಣ್ಣ ಶಿಲುಬೆ.
ಸತ್ತದ್ದಕ್ಕೆ ಹುಟ್ಟಿದ್ದನ್ನು ಹೊಡೆದುಹಾಕಿಲ್ಲ.
ದಾರಕ್ಕೆ ಕಟ್ಟಿದ ಪೆನ್ಸಿಲು ತೂಗುತ್ತಿತ್ತು.

"ನಿನ್ನದು ಯಾವಾಗ?" ಬಾಗಿಲ ಬಳಿ ಕೇಳಿದಳು.
ಪಗುಮೆ ಮೂರು, ಅಂದೆ.
ಹದಿಮೂರನೇ ತಿಂಗಳು, ಐದೇ ದಿನದ್ದು,
ವರ್ಷ ಹೊಲಿದ ಮೇಲೆ ಉಳಿದ ಬಟ್ಟೆಯ ತುಂಡು.
ಆ ದಿನದ ಮಳೆ ತೀರ್ಥ ನಮಗೆ,
ಮಕ್ಕಳು ಬರಿಮೈಯಲ್ಲಿ ಬೀದಿಗೆ ಓಡುತ್ತಾರೆ,
ಅಮ್ಮ ನನ್ನನ್ನು ಹೆತ್ತು ಕಿಟಕಿಯಿಂದಲೇ ಕೈ ಚಾಚಿ
ಹನಿ ಹಿಡಿದು ನೆತ್ತಿಗೆ ಸವರಿದಳಂತೆ.
ಇಸವಿ, ಎಂಬತ್ತೊಂದು, ನಮ್ಮ ಲೆಕ್ಕದಲ್ಲಿ.
ಆಲ್ಟ್ಯೆ ಹುಬ್ಬು ಗಂಟಿಕ್ಕಿದಳು.
ಅವಳದು ಹನ್ನೆರಡೇ ಹಾಳೆಯ ಗೋಡೆ.

ಮುಂದಿನ ಸಲ ಹತ್ತೂವರೆಗೆ ಸರಿಯಾಗಿ ಗಂಟೆ ಒತ್ತಿ
ಮೊದಲು ಶೌಚಕ್ಕೇ ಹೋದೆ. ಅವಸರವೇನೂ ಇರಲಿಲ್ಲ.
ಹಾಳೆ ಮಗುಚಿದೆ, ಮಗುಚಿದೆ.
ಸೆಪ್ಟೆಂಬರ್ ಎಂಟು: ಯೆಶಿಮೆಬೆಟ್, ಪಕ್ಕದ ಮನೆ.
ಒಂದಕ್ಷರ ತಪ್ಪು.
ದಿನ ಯಾವುದೆಂದು ಲೈಬ್ರರಿಗೆ ಹೋಗಿ ವಿಚಾರಿಸಿದಳಂತೆ,
ಇಸವಿ ಮಾತ್ರ ನಾನು ಹೇಳಿದ್ದೇ, 1981.
ಅಂದರೆ ಈ ಗೋಡೆಯ ಮೇಲೆ
ನಾನು ಎಂಟು ವರ್ಷ ದೊಡ್ಡವಳು.

ಪೆನ್ಸಿಲು ಮೊಣಕೈಗೆ ತಾಕುತ್ತಿತ್ತು. ತಿದ್ದಬಹುದಿತ್ತು.
ಇರಲಿ, ಆ ಎಂಟು ವರ್ಷ
ಈ ಊರಲ್ಲೇ ಕಳೆದದ್ದು ಅಂತಿರಲಿ ಅಂದುಕೊಂಡು
ಕೈ ತೊಳೆದು ಬಂದೆ.

ಡಬ್ಬಿ ತೆರೆದಿತ್ತು.
ತೆಗೆದುಕೊಂಡೆ,
ಒಂದೇ.