ಎರಡು ಮಾರು, ಒಂದು ಗೇಣು

ರೈಲು ಇಲ್ಲಿಗೇ ಮುಗಿಯುತ್ತದೆ.
ಸ್ಕೆಲ್‌ವಿಕ್ ಎಂಬ ಬೋರ್ಡಿನ ಕೆಳಗೆ ಇಳಿದದ್ದು
ನಾನು, ಒಂದು ನಾಯಿ, ನಾಯಿ ಎಳೆದುಕೊಂಡು ಬಂದ ಮುದುಕ.

ಗ್ರ್ಯಾಂಡ್ ಹೋಟೆಲಿನ ಹಣೆಯಲ್ಲಿ ಅಕ್ಷರಗಳು ಉದುರಿವೆ;
ತುಕ್ಕು ಇಳಿದ ಗುರುತಿನಲ್ಲೇ ಹೆಸರು ಓದಿಕೊಳ್ಳಬೇಕು.
ಈಗ ಕಿಟಕಿಗೊಬ್ಬ ಬಾಡಿಗೆದಾರ,
ಬಾಡಿಗೆದಾರನಿಗೊಂದು ಕೆಟಲು.
ಹಿಂದೆ ಡಾಕ್ಟರ ಚೀಟಿ ಹಿಡಿದು
ಎದೆತುಂಬ ಗಾಳಿ ಕೊಳ್ಳಲು ಬರುತ್ತಿದ್ದರಂತೆ ಇಲ್ಲಿಗೆ,
ಕೊಡೆ, ಟೊಪ್ಪಿ, ಕೆಮ್ಮು ಸಮೇತ.
ಗಾಳಿ ಈಗಲೂ ಇದೆ. ಪುಕ್ಕಟೆ.

ಕಡಲೊಳಗೆ ಚಾಚಿದ್ದ ಕಟ್ಟೆಸೇತುವೆಗೆ
ಬಾಗಿಲಷ್ಟೇ ಉಳಿದಿದೆ: ಎರಡು ಗೋಪುರ,
ನಡುವೆ ಒಂದು ಪೆನ್ನಿಯ ತಿರುಗುಗೇಟು.
ಅರ್ಧ ಸೇತುವೆ ಹಡಗಿಗೆ, ಅರ್ಧ ಬೆಂಕಿಗೆ.
ಹುಡುಗರು ಗೇಟು ತಿರುಗಿಸಿ ಒಳಗೆ ಹೋಗುತ್ತಾರೆ,
ಅಂದರೆ ಹೊರಗೆ.

ವಿನಿಫ್ರೆಡ್ ಗಾರ್ಬಟ್. ವಯಸ್ಸು ಎಪ್ಪತ್ತೊಂದು.
ಕೈಗಾಡಿಯಲ್ಲಿ ಹಾರೆ, ಸ್ಪ್ಯಾನರು, ಥರ್ಮಾಸು.
ಪ್ರತಿ ಮಾರ್ಚಿಗೆ ಕಾಲುದಾರಿಯ ಕಂಬಗಳನ್ನು ಕಿತ್ತು
ಕಡಲು ಬಿಟ್ಟಷ್ಟು ನೆಲದ ಮೇಲೆ ಮತ್ತೆ ನೆಡುತ್ತಾಳೆ.
ನಾನು ನಕ್ಷೆ ಬಿಚ್ಚಿದೆ.
“ಮಡಚಿಡು. ಅದನ್ನು ನಂಬಿದರೆ
ಗಾಳಿಯ ಮೇಲೆ ನಡೀತೀಯ.”

ಈ ಸಲ ಎಷ್ಟು ಹೋಯಿತು?
ಅವಳು ಅಡಿಯಲ್ಲಿ ಹೇಳಿದಳು.
ನನಗೆ ತಿಳಿದದ್ದು ಚಾಚಿದ ತೋಳು:
ಎರಡು ಮಾರು, ಮೇಲೆ ಒಂದು ಗೇಣು.
“ತಿನ್ನುತ್ತದೆ ಅಂತಾರೆ ಜನ. ತಿನ್ನಲು ಹಸಿವಾದರೂ ಬೇಕಲ್ಲ!
ಇದಕ್ಕೆ ಸುಮ್ಮನೆ ಕೆರೆಯುವ ಚಟ.”

ಬಟಾಣಿ ಹೊಲದ ಉತ್ತ ಸಾಲು
ಅಂಚಿನವರೆಗೆ ಬಂದು ವಾಕ್ಯ ಮುಗಿಸದೆ ನಿಂತಿದೆ.
ಜೇಡಿದಿಬ್ಬದ ಮುಖದಿಂದ
ಯಾರದೋ ಬಚ್ಚಲ ಕೊಳವೆ ಇಣುಕುತ್ತಿದೆ,
ಮನೆ ಎಂದೋ ಇಳಿದುಹೋಗಿ.
ಕೆಳಗೆ, ಯುದ್ಧಕಾಲದ ಕಾವಲುಗೂಡು
ಮರಳಲ್ಲಿ ಅಂಗಾತ ಬಿದ್ದು
ಬಂದೂಕಿನ ಕಿಂಡಿಯಿಂದ ಮೋಡಗಳನ್ನು ಕಾಯುತ್ತಿದೆ.

ಕೊನೆಗೆ ಬೆಂಚು. ನಾಲ್ಕು ಬೋಲ್ಟು, ಎರಡು ಜಡ್ಡು.
ಹಿತ್ತಾಳೆ ತಗಡಿನಲ್ಲಿ:
ಡೋರೀನ್ ಹೋಲ್ಟ್‌ಬಿಗೆ. ಈ ನೋಟವೆಂದರೆ ಅವಳಿಗೆ ಪ್ರಾಣ.
ಐದನೇ ಸಲ ಒಳಗೆ ಸರಿಸುತ್ತಿದ್ದೇವೆ,
ನಾನು ಕಾಲ ಕಡೆ, ಅವಳು ಬೆನ್ನಿನ ಕಡೆ.

ಯಾವ ನೋಟ, ಎಂದೆ ಏದುಸಿರಿನಲ್ಲಿ.

ಅವಳು ಅಂಚಿನಾಚೆ ಬೆರಳು ಮಾಡಿದಳು.
ಅಲ್ಲೊಂದು ಕಡಲಹಕ್ಕಿ
ರೆಕ್ಕೆ ಅಲುಗಿಸದೆ ಗಾಳಿಯಲ್ಲಿ ನಿಂತಿತ್ತು.
“ಆ ಹಕ್ಕಿ ಇದೆಯಲ್ಲ,
ಸರಿಯಾಗಿ ಅಲ್ಲಿ ಕೂರುತ್ತಿದ್ದಳು.
ಸ್ಯಾಂಡ್‌ವಿಚ್ಚಿನ ಅಂಚು ಕಿತ್ತು ಎಸೆಯುತ್ತಿದ್ದಳು.”

ಚಹಾ ಕುಡಿದೆವು. ಸಕ್ಕರೆ ಜಾಸ್ತಿಯಾಗಿತ್ತು.
ಹಳೆಯ ಕುಳಿಗಳಲ್ಲಿ ನೀರು ಕೂರುತ್ತಿತ್ತು,
ಮುಂದಿನ ವರ್ಷ ಕುಳಿಯೂ ಇರದು.
ಐದಕ್ಕೆ ಬಿಂಗೋ ಇದೆ ಎಂದು ಹೊರಟಳು;
ಹೋದ ವಾರ ಹದಿನೆಂಟು ಪೌಂಡು ಗೆದ್ದಿದ್ದಾಳೆ,
ಎರಡು ಸಲ ಹೇಳಿದಳು.

ದೀಪ ಹತ್ತುವ ಹೊತ್ತಿಗೆ
ಹಳೆಯ ಬಾಗಿಲ ಬಳಿ ಬಳಸಿ ಹೋಗಬಹುದಿತ್ತು.
ಹೋಗಲಿಲ್ಲ. ಸೊಂಟದಿಂದ ಗೇಟು ನೂಕಿದಳು, ಹಿಂದೆ ನಾನು.
ಕಟಕ್. ಕಟಕ್.
ಒಳಗಿನ ಹಲ್ಲುಚಕ್ರ ಇನ್ನೂ ಲೆಕ್ಕ ಇಡುತ್ತದಂತೆ.