ಎಂಬತ್ತನಾಲ್ಕು

ಕಾಫಿ ಕೊಯ್ಲಿನ ಹೊತ್ತು, ಜನವರಿ.
ಸುಂಟಿಕೊಪ್ಪದಾಚೆಯ ತೋಟವೊಂದರ ರೈಟರ್ ಐತಪ್ಪ
ಆರು ರಾತ್ರಿ ನಿದ್ದೆಯಿಲ್ಲದೆ ಕೂತು
ಚೆಕ್‌ರೋಲಿನಲ್ಲಿ ಎಂಬತ್ತನಾಲ್ಕು ಆಳುಗಳಿಗೂ
ಎರಡರಷ್ಟು ಕೂಲಿ ಬರೆದ.
ಬರೆದದ್ದಷ್ಟೇ ಅಲ್ಲ, ಹಂಚಿಯೂ ಬಿಟ್ಟ.
ಏಳನೆಯ ಬೆಳಿಗ್ಗೆ ಮಡಿಕೇರಿಯ ನಮ್ಮ ವಾರ್ಡಿಗೆ
ತೋಟದ ಜೀಪಿನಲ್ಲೇ ಬಂದ. ಇಬ್ಬರು ಹಿಡಿದಿದ್ದರು.
ಕಿಸೆಯಲ್ಲಿ ಪೆನ್ನು ನಾಲ್ಕು.

ನನಗೆ ರಾತ್ರಿ ಪಾಳಿ.
ಮಂಜು ಬಂದು ಕಿಟಕಿಗೆ ನಿಂತರೆ ಅದಕ್ಕೂ ಹಾಜರಿ ಹಾಕುತ್ತಿದ್ದ.
"ಸಿಸ್ಟ್ರೇ, ನಿಮ್ಮ ಸಂಬಳವನ್ನೂ ಡಬಲ್ ಮಾಡಿದ್ದೇನೆ."
ಥ್ಯಾಂಕ್ಸ್ ಅಂದೆ. ಮಾತ್ರೆ ಕೊಟ್ಟೆ.
ಅಗಿಯಬೇಡಿ, ಮುರಿಯಬೇಡಿ, ಗಂಜಿ ಉಂಡ ಮೇಲೆ ಇಡಿಯಾಗಿ.
ನಾಲಿಗೆ ಎತ್ತಿ. ಹಾಂ, ಇನ್ನೊಮ್ಮೆ.
ಕೆನ್ನೆಯೊಳಗೆ ಬಚ್ಚಿಡುವವರನ್ನು ಕಂಡು ಕಂಡು
ಬಾಯಿ ಮಾತಾಡುವುದಕ್ಕೂ ಇದೆ ಎಂಬುದೇ ನನಗೆ ಮರೆತಿದೆ.

ವ್ಯಾಲ್‌ಪ್ರೊಯೇಟ್. ಮೂರ್ಛೆರೋಗಕ್ಕೆ ಕೊಡುವುದೂ ಅದನ್ನೇ.
ಹೆಂಡತಿ ಲಲಿತಾಕ್ಷಿ ಚೀಟಿ ಹಿಡಿದು ಮೆಡಿಕಲಿಗೆ ಹೋದರೆ
ಅಂಗಡಿಯವ "ಫಿಟ್ಸ್ ಬರ್ತದಾ?" ಅಂದನಂತೆ.
ಅತ್ತುಕೊಂಡು ಬಂದಳು:
ಇದ್ದದ್ದು ಸಾಲದು ಅಂತ ಇದೂ ಒಂದಾ ಸಿಸ್ಟ್ರೇ?
ಬೆಂಚಿನಲ್ಲಿ ಕೂರಿಸಿ ಹೇಳಿದೆ,
ಒಂದೇ ಕತ್ತಿಯಲ್ಲಿ ಕಾಡೂ ಕಡೀತೀರಿ, ಹಲಸೂ ಕೊಯ್ತೀರಿ, ಅಲ್ವಾ?
ತಲೆ ಆಡಿಸಿದಳು. ಒಪ್ಪಿದಳೋ ಇಲ್ಲವೋ.

ಈಗ ತಿಂಗಳಿಗೊಂದು ಮಂಗಳವಾರ, ಸುಂಟಿಕೊಪ್ಪದ ಆಸ್ಪತ್ರೆಯಲ್ಲಿ
ತೂಕ ನೋಡುತ್ತೇನೆ, ಆರು ಕಿಲೋ ಏರಿದೆ,
ಬಾಚಣಿಗೆಗೆ ಬರುವ ಕೂದಲು ಕೇಳುತ್ತೇನೆ,
ರೆಪ್ಪೆ ಎಳೆದು ಕಣ್ಣಿನ ಬಿಳಿ ಹಳದಿಯಾ ಅಂತ ನೋಡುತ್ತೇನೆ.
ಹೋದ ಮದುವೆಗಳ ಲೆಕ್ಕವನ್ನೂ ಕೇಳುತ್ತೇನೆ,
ಗ್ಲಾಸು ಬೇಡ ಅಂದವನನ್ನು "ಮೈ ಹುಷಾರಿಲ್ವಾ?" ಅನ್ನುವ ಊರು ಇದು.
ಕೊನೆಗೆ ಒಂದು ತುಂಡು ಕಾಗದ ಕೊಟ್ಟು ಬರೆಸುತ್ತೇನೆ:
ಎಂಬತ್ತನಾಲ್ಕು. ಅಕ್ಷರದಲ್ಲಿ.
ಡಾಕ್ಟರು ಕೈ ಚಾಚಿಸಿ ನಡುಕ ನೋಡುತ್ತಾರೆ.
ನನಗೆ ಅವನ ಒತ್ತಕ್ಷರ ಸಾಕು.
ಫೆಬ್ರವರಿಯಲ್ಲಿ ಮುತ್ತು.
ಏಪ್ರಿಲಿನಲ್ಲಿ, ಹೂಮಳೆ ಬಿದ್ದ ವಾರ,
ತ-ಒತ್ತು ಗೆರೆಯಿಂದ ಜಾರಿತ್ತು, ಕ-ಒತ್ತಿಗೆ ಬಾಲ ಎರಡು.
ನೋಡಿ, "ಇದು ನನ್ನದಲ್ಲ" ಅಂದ.

ಜೂನಿನಲ್ಲಿ ಜಿಗಣೆಯ ಸುದ್ದಿ.
"ಕಚ್ಚಿದ್ದು ಮಧ್ಯಾಹ್ನ. ರಾತ್ರಿ ಊಟಕ್ಕೆ ಕೂತರೂ ರಕ್ತ ನಿಂತಿಲ್ಲ ಸಿಸ್ಟ್ರೇ."
ಸಾಲಿನಲ್ಲಿದ್ದವರೆಲ್ಲ ನಕ್ಕರು.
ಕೊಡಗಿನಲ್ಲಿ ಜಿಗಣೆ ಕಚ್ಚಿತೆಂದು ಆಸ್ಪತ್ರೆಗೆ ಬಂದು ಹೇಳುವುದೂ
ಹಾರಂಗಿಯಲ್ಲಿ ನೀರಿದೆ ಅನ್ನುವುದೂ ಒಂದೇ.
ನಾನೂ ನಗುವವಳೇ. ಅಷ್ಟರಲ್ಲಿ ತೋಳು ಮಡಚಿಸಿದೆ:
ಮೊಣಕೈ ಹತ್ತಿರ ನೀಲಿ, ಎಲ್ಲಿ ತಾಗಿತೋ ನೆನಪಿಲ್ಲ.
ತಲೆನೋವಿಗೆಂದು ಅಂಗಡಿಯ ಮಾತ್ರೆ ಬೇರೆ, ಎರಡು ವಾರದಿಂದ.
ನಾಳೆ ಬೆಳಗಿನ ಡೋಸಿಗೆ ಮುಂಚೆ ಬನ್ನಿ, ರಕ್ತ ತೆಗೆಯಬೇಕು.

ಪ್ಲೇಟ್‌ಲೆಟ್ ಎಪ್ಪತ್ತಾರು ಸಾವಿರ.
"ಇರಬೇಕಾದದ್ದು?"
"ಕಡಿಮೆಯೆಂದರೂ ಒಂದೂವರೆ ಲಕ್ಷ."
ರೈಟರಲ್ಲವೇ, ತಡಮಾಡಲಿಲ್ಲ:
"ಅರ್ಧ ಆಳು ಗೈರು."

ಡೋಸು ಇಳಿಸಿದರು. ತಟಕ್ಕನೆ ನಿಲ್ಲಿಸುವ ಹಾಗಿಲ್ಲ.
ಬಾಗಿಲ ಹತ್ತಿರ ಹೋದವನು ತಿರುಗಿ,
"ಮಾತ್ರೆ ಕಮ್ಮಿಯಾದರೆ ಆ ಜನವರಿ ವಾಪಸ್ ಬರ್ತದಾ?"
ಹೆದರಿ ಕೇಳಿದನೋ ಆಸೆಯಿಂದಲೋ,
ಕೇಸ್ ಶೀಟಿನ ಮೇಲೆ ನನ್ನ ಪೆನ್ನು ನಿಂತಿತು.
"ಹೆಚ್ಚು ಕೊಟ್ಟದ್ದನ್ನು ತೋಟದವರು ಮುಂದಿನ ಕೂಲಿಯಲ್ಲಿ ಮುರಿದುಕೊಂಡರು.
ಇರಲಿ. ನಾನು ಕೊಟ್ಟದ್ದು ರೋಗ, ಒಪ್ಪಿದೆ.
ಅವರು ದುಡಿದದ್ದು?"
ಅದಕ್ಕೆ ನಮ್ಮ ಶೀಟಿನಲ್ಲಿ ಕಲಂ ಇಲ್ಲ.
ರಾತ್ರಿ ಎಷ್ಟು ಗಂಟೆ ನಿದ್ದೆ, ಅಂತ ಕೇಳಿದೆ.

ಜುಲೈಯಲ್ಲಿ ಅದೇ ತೋಟದ ಲೈನಿನಿಂದ ಪಾಲಿ ಬಂದಿದ್ದಳು,
ಬೆನ್ನಿನಲ್ಲಿ ಮೊಮ್ಮಗು, ಅದಕ್ಕೆ ಜ್ವರ, ಬಾಯಲ್ಲಿ ಎಲೆಅಡಿಕೆ.
ಮೇಜಿಗೆ ಬಗ್ಗಿ, ಗುಟ್ಟೆಂಬಂತೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ,
"ಅಮ್ಮಾ, ನಮ್ಮ ರೈಟ್ರಿಗೆ ಮತ್ತೆ ಯಾವಾಗ ಹುಚ್ಚು ಹಿಡಿಯೋದು?"
ಒಂದು ಗಳಿಗೆ ಸಾಲಿಗೆ ಸಾಲೇ ಸುಮ್ಮನೆ.
ಮೊದಲು ನಕ್ಕವನು ಐತಪ್ಪ, ಜನವರಿಯಿಂದೀಚೆಗೆ
ಮೊದಲ ಸಲ, ಬಾಯಿ ತುಂಬ.
ನಾನೂ ನಕ್ಕೆ.
ನಗುತ್ತಲೇ ಒಂಚೂರು ಬಗ್ಗಿ ನೋಡಿದೆ:
ವಸಡು ತಿಳಿಗೆಂಪು. ರಕ್ತವಿಲ್ಲ.