ಅಳತೆ ಪುಸ್ತಕದಲ್ಲಿ ದ್ಯಾವಪ್ಪನವರು

ಗಾಂಧಿ ಬಜಾರಿನ ಒಳಸಂದಿ, ಪಾತ್ರೆ ಅಂಗಡಿಯ ಮಾಳಿಗೆ,
ಅಲ್ಲಿ ನನ್ನ ಮಷೀನು. ನಲವತ್ತಾರು ವರ್ಷ.
ನೀವು ಪೇಪರಿನವರು ಅವರ ಭಾಷಣ ಬರೆದುಕೊಂಡಿರಿ,
ನಾನು ಬರೆದುಕೊಂಡದ್ದು ಇಂಚು.

ಮೊದಲ ಪುಟ ನೋಡಿ:
ಎದೆ ಮೂವತ್ತಮೂರೂವರೆ, ಕೊರಳು ಹದಿಮೂರೂವರೆ,
ಹಣ ಬಾಕಿ.
ಹೊಸನಗರ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತು
ಗೇಣಿದಾರರಿಗೆ ಏಳನೇ ನಮೂನೆ ತುಂಬಿಕೊಡುತ್ತಿದ್ದ ಹುಡುಗ,
ಬೆರಳ ತುಂಬ ಕಾರ್ಬನ್ ಮಸಿ.
ನಾಳೆ ನಾಮಪತ್ರ, ಇವತ್ತೇ ಜುಬ್ಬ ಬೇಕು ಎಂದ.
ಖಾದಿ ನೆನೆಸದೆ ಹೊಲಿದರೆ ಕುಗ್ಗುತ್ತೆ ಮಾರಾಯ ಎಂದೆ.
"ಕುಗ್ಗಲಿ, ಜೊತೆಗೆ ನಾನೂ ಕುಗ್ಗಿದರಾಯ್ತು."
ಠೇವಣಿ ಹೋಯ್ತು. ಜುಬ್ಬವೂ ಕುಗ್ಗಿತು.
ಹೊಲಿಗೆ ದುಡ್ಡು ಎರಡು ಕಂತಲ್ಲಿ ಕೊಟ್ಟ,
ಎರಡನೆಯದರಲ್ಲಿ ಎಂಟಾಣೆ ಹೆಚ್ಚು. ಬಡ್ಡಿಯಂತೆ.

ಗೆದ್ದ ವರ್ಷ ಎದೆ ಮೂವತ್ತಾರು.
ಅವತ್ತಿಂದ ನನ್ನ ಬಾಯಲ್ಲೂ ಅವನು ಅವರು.
"ಬಲಜೇಬು ದೊಡ್ಡದು ಮಾಡು ಪುಂಡಲೀಕಣ್ಣ,
ಅರ್ಜಿ ಎರಡೇ ಮಡಿಕೆಯಲ್ಲಿ ಕೂರಬೇಕು.
ಮೂರು ಮಡಿಕೆ ಬಿದ್ದರೆ ಸರ್ವೆ ನಂಬರು ಅಳಿಸುತ್ತೆ."
ಎಂಟಿಂಚಿನ ಜೇಬು! ಬಜಾರೆಲ್ಲ ನಕ್ಕಿತು,
ಅಕ್ಕಿ ಅಳೆಯೋಕಾ ಅಂತ.
ಮಧ್ಯಾಹ್ನ ನಕ್ಕವರೇ ಸಂಜೆ ಅರ್ಜಿ ತಂದರು.

ಒಂದು ದಿನ ರೇಡಿಯೋದಲ್ಲಿ ಬಂತು,
ವಿರೋಧ ಪಕ್ಷದ ನಾಯಕರು ಎದ್ದು ನಿಂತು
ಮುಳುಗಿದ ಹನ್ನೆರಡು ಊರಿನ ಹೆಸರು
ಚೀಟಿ ನೋಡದೆ ಹೇಳಿದರಂತೆ.
ಸಭಾಧ್ಯಕ್ಷರು ಗಂಟೆ ಬಾರಿಸಿದರಂತೆ.
ಹದಿಮೂರನೆಯದು ನನ್ನ ತಾಯಿಯ ತವರು,
ಅದನ್ನು ಗಂಟೆಯ ಮೇಲೇ ಹೇಳಿದರಂತೆ.
ಅವತ್ತು ನಾನು ತೆಗೆದ ಕಾಜಾ ಎಲ್ಲ ವಾರೆ.

ಆಮೇಲೆ ಮಂತ್ರಿ. ಹನ್ನೊಂದು ತಿಂಗಳು.
ಬೆಂಗಳೂರಿಂದ ಕಾರು ಬಂತು, ಅವರು ಬರಲಿಲ್ಲ,
ಹಳೇ ಜುಬ್ಬ ಬಂತು, ಇದರ ಮೇಲೆ ಎರಡಿಂಚು ಅಂತ.
ಜೇಬು?
ಬೇಡ ಎಂದ ಪಿಎ. ಫೈಲು ಹಿಡಿಯೋಕೆ ನಾವಿದ್ದೀವಿ.

ಅದೇ ವರ್ಷ ಅಭಯಾರಣ್ಯದ ಗೆರೆ ಎಳೆದದ್ದು.
ನನ್ನ ಭಾವನ ಮನೆ ಗೆರೆಯೊಳಗೆ, ಬಾವಿ ಗೆರೆಯಾಚೆ.
ಆದೇಶದ ಕೆಳಗೆ ಅವರದೇ ರುಜು,
ಜಗಲಿಯ ಕಾಲದ್ದೇ, ಉದ್ದ ಬಾಲದ 'ಪ'.

ಮುಂದಿನ ಸಲ ಖುದ್ದು ಬಂದರು.
ಭುಜಕ್ಕೆ ಟೇಪಿಟ್ಟು ಬೆನ್ನ ಹಿಂದಿನಿಂದ ಕೇಳಿದೆ,
ಎದುರು ನಿಂತು ಕೇಳುವಷ್ಟು ಎದೆ ನನ್ನದಲ್ಲ:
ಭಾವನ ಮನೆ?
ಕಂಕುಳ ಅಳತೆಗೆ ಕೈ ಎತ್ತಿ ಎಂದು
ನಾನಿನ್ನೂ ಹೇಳಿರಲಿಲ್ಲ.
ಎತ್ತಿದರು. ಎರಡೂ.
ಅಳತೆ ಮುಗಿದರೂ ಇಳಿಸಲಿಲ್ಲ.

ಸೋತರು. ಆಮೇಲೂ ಸೋತರು.
ಬಿಗಿ ಮಾಡೋಕೆ ಹಳೆಯವೆಲ್ಲ ಒಂದು ಚೀಲದಲ್ಲಿ ಬಂದವು.
ಒಂದರ ಜೇಬಿನ ತಳದಲ್ಲಿ
ನೀರಲ್ಲಿ ನೆಂದು ಗಟ್ಟಿಯಾದ ಕಾಗದ.
ಇಸ್ತ್ರಿಯ ಶಾಖ ತೋರಿಸಿ ಬಿಡಿಸಿದೆ. ಮೂರು ಮಡಿಕೆ.
ಸರ್ವೆ ನಂಬರಿನ ಜಾಗ ಬೆಳ್ಳಗೆ.
ಅವರು ಕನ್ನಡಕ ಕೂಡ ಹಾಕಲಿಲ್ಲ.
"ನಲವತ್ತೊಂದು ಬಾರ್ ಎರಡು. ಹಕ್ಲಮನೆ ಗುತ್ಯಮ್ಮ.
ಒಂದೆಕರೆ ಹದಿನಾಲ್ಕು ಗುಂಟೆ.
ಮಗನ ಕಾಲು ಸರಿಯಿಲ್ಲ ಅಂತ ಕೆಳಗೆ ಬರೆದಿದ್ದಾಳೆ, ನೋಡು."
ಎಷ್ಟು ನೆನಪಿದೆ ನಿಮಗೆ, ಎಂದೆ.
"ನೆನಪಿದ್ದು?"
ಚಹಾ ಆರಿತು. ಕುಡಿಯದೆ ಎದ್ದರು.

ಸರ್ಕಾರಿ ಗೌರವ, ಮೂರು ಸುತ್ತು ಗುಂಡು.
ಬಾವುಟ ಹೊದಿಸಿದರು, ಅದಕ್ಕೆ ಅಳತೆ ಬೇಕಿಲ್ಲ.
ಈಗ ನಿಲ್ಲುವ ಹುಡುಗರು ಎಕ್ಸೆಲ್ ಎನ್ನುತ್ತಾರೆ,
ಟೇಪು ಮೈಗೆ ಮುಟ್ಟಗೊಡುವುದಿಲ್ಲ.

ಕೊನೆಯ ಪುಟ: ಎದೆ ಮೂವತ್ತೆರಡು.
ಮೊದಲಿಗಿಂತ ಒಂದೂವರೆ ಕಮ್ಮಿ.
ಆ ಜುಬ್ಬ ಹೊಲಿದಿಟ್ಟಿದ್ದೇನೆ, ಒಯ್ಯಲು ಯಾರೂ ಬಂದಿಲ್ಲ.
ಜೇಬು ಎಂಟಿಂಚು. ಅವರು ಹೇಳಿರಲಿಲ್ಲ, ನಾನೇ ಇಟ್ಟೆ.

ಕಾಗದ ಇಲ್ಲೇ ಇದೆ, ಪುಸ್ತಕದೊಳಗೆ.
ಹಕ್ಲಮನೆಗೆ ಸಾಗರದಲ್ಲಿ ಬಸ್ಸು ಬದಲಿಸಬೇಕಂತೆ,
ಆಮೇಲೆ ಲಾಂಚು.
ಕೊನೇ ಲಾಂಚು ಐದೂವರೆಗಂತೆ.
ಅಂಗಡಿ ಬೇಗ ಮುಚ್ಚುವ ದಿನ ಯಾವುದು, ನೋಡುತ್ತಿದ್ದೇನೆ.